ಮುಟ್ಟಬಾರದೆಂಬ ಹಲಗೆ

ನಮ್ಮ ಶಾಲೆಯಲ್ಲಿ ಕಲಿತು ಹೋದವರಲ್ಲಿ ಮಹಡಿಯ ಮೇಲಣ ವಸ್ತುಸಂಗ್ರಹದ ಕೋಣೆಯನ್ನು ಮರೆತವರು ಇರಲಾರರು. ಗಾಜಿನ ಬಾಗಿಲುಳ್ಳ ನಾಲ್ಕು ಕಪಾಟುಗಳು. ಅವುಗಳೊಳಗೆ ಶಂಖ, ಹವಳ, ಹಳೆಯ ನಾಣ್ಯ, ಗೀಜಗನ ಗೂಡು. ಬಾಗಿಲ ಬಳಿಯಲ್ಲಿ "ಮುಟ್ಟಬಾರದು" ಎಂದು ದಪ್ಪಕ್ಷರಗಳಿಂದ ಬರೆದ ಹಲಗೆ. ಆ ಹಲಗೆಯನ್ನು ಬರೆಯಿಸಿ ತೂಗಹಾಕಿಸಿದವರು ನಾವೇ. ಅದರ ವಿಷಯವಾಗಿ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಈ ಸಂಚಿಕೆಯಲ್ಲಿ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಎರಡು ವರುಷಗಳ ಹಿಂದೆ ಎಂಟನೆಯ ತರಗತಿಗೆ ಒಬ್ಬ ಹುಡುಗಿ ಸೇರಿದಳು. ಬೆಳಕು ಯಾವದು, ಕತ್ತಲೆ ಯಾವದು ಎಂಬಷ್ಟೇ ಹೊರತು ಆಕೆಯ ಕಣ್ಣುಗಳಿಗೆ ಬೇರೇನೂ ಕಾಣುವದಿಲ್ಲ. ಆಕೆಯನ್ನು ಸೇರಿಸಲು ಬಂದ ದಿನ ತಾಯಿಯು, "ಒಂದು ಮೂಲೆಯಲ್ಲಿ ಕೂತಿರಲಿ, ಅಮ್ಮಾ. ಯಾರಿಗೂ ತೊಂದರೆ ಕೊಡುವವಳಲ್ಲ" ಎಂದು ನಮ್ಮನ್ನು ಬೇಡಿಕೊಂಡರು. ಕೆಲವು ವಾರಗಳ ಮೇಲೆ ನಾವು ಆ ತರಗತಿಯನ್ನು ಸಂಗ್ರಹದ ಕೋಣೆಗೆ ಕರಕೊಂಡು ಹೋಗಿ ಗೀಜಗನ ಗೂಡನ್ನು ತೋರಿಸಿ, ಅದು ಸೋರೆಬುರುಡೆಯ ಹಾಗೆ ತೂಗುವದೆಂದೂ ಅದರ ದ್ವಾರವು ಕೊಳವೆಯಂತೆ ಕೆಳಮುಖವಾಗಿರುವದೆಂದೂ ವಿವರಿಸಿದೆವು. ಆಗ ಆಕೆ, "ಟೀಚರ್, ಬಾಗಿಲು ಕೆಳಗಡೆ ಇದ್ದರೆ ಮೊಟ್ಟೆಗಳು ಬೀಳುವದಿಲ್ಲವೇ?" ಎಂದು ಕೇಳಿದಳು. ಕಣ್ಣುಳ್ಳ ಮಕ್ಕಳಲ್ಲಿ ಒಬ್ಬರಿಗೂ ಹುಟ್ಟದ ಪ್ರಶ್ನೆ ಅದು. ವರುಷಗಟ್ಟಲೆ ಆ ಗೂಡನ್ನು ನೋಡುತ್ತಿದ್ದ ನಮಗೂ ಉತ್ತರ ತಿಳಿದಿರಲಿಲ್ಲ. "ಕೈಹಾಕಿ ನೋಡಲೇ?" ಎಂದಳು. "ಬೇಡಮ್ಮಾ, ಹಾಳಾದೀತು" ಎಂದೆವು. ಆಕೆ ಮರುಮಾತಾಡದೆ ಹಿಂದಕ್ಕೆ ಸರಿದಳು.

ಆ ಮೌನವು ನಮ್ಮನ್ನು ಬಹುದಿನ ಬಾಧಿಸಿತು. ಕನ್ನಡದಲ್ಲಿ ನಾವು ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು ಎನ್ನುತ್ತೇವಷ್ಟೆ. ನೋಡುವ ಕೆಲಸವನ್ನು ನಮ್ಮ ಭಾಷೆಯು ಕಣ್ಣಿಗೆ ಮಾತ್ರ ಬಿಟ್ಟುಕೊಟ್ಟಿಲ್ಲ. ಹಾಗಾದರೆ ವಸ್ತುಸಂಗ್ರಹಾಲಯಗಳು ಯಾಕೆ ಕಣ್ಣಿಗೆ ಮಾತ್ರ ಬಾಗಿಲು ತೆರೆಯುತ್ತವೆ? ಈ ವಿಷಯದಲ್ಲಿ ಬೇರೆಯವರು ಏನು ಮಾಡಿದ್ದಾರೆಂದು ಓದಿ ತಿಳಿದುಕೊಂಡುದನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇವೆ.

ಅಂಧರ ಕೈಗೆ ವಸ್ತುಗಳನ್ನು ಕೊಡುವ ಯೋಚನೆ ಹೊಸದಲ್ಲ. ೧೯೧೩ನೆಯ ಇಸವಿಯಲ್ಲಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಜೆ. ಎ. ಚಾರ್ಲ್ಟನ್ ಡೀಸ್ ಎಂಬವರು ಅಂಧಶಾಲೆಯ ಮಕ್ಕಳನ್ನು ಕರೆಯಿಸಿ, ಸಂಗ್ರಹದಲ್ಲಿದ್ದ ಪ್ರಾಣಿಗಳೇ ಮೊದಲಾದವುಗಳನ್ನು ಮುಟ್ಟಿ ತಿಳಿಯುವದಕ್ಕೆ ಅವಕಾಶಕೊಟ್ಟರು. ಅದು ಒಳ್ಳೇ ಆರಂಭ. ಆದರೂ ಅಲ್ಲಿ ಕೊಡುವವರು ಕಣ್ಣುಳ್ಳವರು, ತಕ್ಕೊಳ್ಳುವವರು ಅಂಧರು. ಯಾವ ವಸ್ತುವನ್ನು ಇಡಬೇಕು, ಹೇಗೆ ಇಡಬೇಕು ಎಂದು ನಿರ್ಣಯಿಸುವ ಅಧಿಕಾರಿಗೆ ಕ್ಯುರೇಟರ್ ಎಂದು ಹೆಸರು. ಆ ಪೀಠದಲ್ಲಿ ಅಂಗವಿಕಲರೇ ಕೂತಾಗ ಏನಾಗುತ್ತದೆಂಬದನ್ನು ತಿಳಿಯಬೇಕಾದರೆ ಇಟೆಲಿ ದೇಶದ ಆಂಕೋನಾ ಪಟ್ಟಣಕ್ಕೆ ಹೋಗಬೇಕು.

ಆ ಪಟ್ಟಣದಲ್ಲಿ ಆಲ್ಡೊ ಗ್ರಾಸ್ಸೀನಿ, ಡಾನಿಯೇಲಾ ಬೊತ್ತೆಗೋನಿ ಎಂಬ ಅಂಧ ದಂಪತಿಗಳು ದೇಶಸಂಚಾರವನ್ನೂ ಕಲೆಯನ್ನೂ ಪ್ರೀತಿಸುವವರು. ಆದರೆ ಶಿಲ್ಪಗಳ ಮುಂದೆ ಅವರ ಕೈಗಳಿಗೆ ತಡೆಯೇ ಸಿಕ್ಕುತ್ತಿತ್ತು. ಈ ತಡೆಯನ್ನು ದೂರುತ್ತಾ ಕೂತಿರದೆ ಅವರು ತಮ್ಮ ಊರಿನಲ್ಲಿಯೇ ಬೇರೊಂದು ತರದ ಸಂಗ್ರಹಾಲಯವಾಗಬೇಕೆಂದು ಯತ್ನಿಸಿದರು. ೧೯೯೩ರಲ್ಲಿ ಪುರಸಭೆಯ ಸಹಾಯದಿಂದ ಅದು ತೆರೆಯಿತು. ಅಂಧನಾಗಿದ್ದನೆಂದು ಪ್ರತೀತಿಯಿರುವ ಗ್ರೀಕ್ ಕವಿಯ ನೆನಪಿಗಾಗಿ ಅದಕ್ಕೆ ಓಮೆರೊ, ಅಂದರೆ ಹೋಮರ್, ಎಂಬ ಹೆಸರನ್ನಿಟ್ಟರು. ೧೯೯೯ರಲ್ಲಿ ಇಟೆಲಿಯ ಶಾಸನಸಭೆಯು ಅದನ್ನು ಸರಕಾರೀ ಸಂಗ್ರಹಾಲಯವೆಂದು ಅಂಗೀಕರಿಸಿತು. ೨೦೧೨ರಲ್ಲಿ ಅದು ಬಂದರಿನ ಐದು ಮೂಲೆಯ ಕೋಟೆಯಂಥಾ ಕಟ್ಟಡಕ್ಕೆ ಸ್ಥಳಾಂತರವಾಯಿತು. ಹದಿನೆಂಟನೆಯ ಶತಮಾನದಲ್ಲಿ ಆ ಕಟ್ಟಡವನ್ನು ಕಟ್ಟಿಸಿದ್ದು ಅಂಟುರೋಗದ ಭಯದಿಂದ ಹಡಗಿನ ಜನರನ್ನು ಪ್ರತ್ಯೇಕವಾಗಿರಿಸುವದಕ್ಕೆ. ಒಬ್ಬರನ್ನೊಬ್ಬರು ಮುಟ್ಟದಿರಲೆಂದು ಕಟ್ಟಿದ ಮನೆಯು ಮುಟ್ಟಿ ತಿಳಿಯುವವರ ಮನೆಯಾಯಿತು.

ಅಲ್ಲಿ ಪ್ರಸಿದ್ಧ ಶಿಲ್ಪಗಳ ಅಚ್ಚುಗಳೂ ಪಾರ್ಥೆನಾನ್, ಸಂತ ಪೇತ್ರನ ದೇವಾಲಯ ಮೊದಲಾದ ಕಟ್ಟಡಗಳ ಸಣ್ಣ ಮಾದರಿಗಳೂ ಈಗಿನ ಶಿಲ್ಪಿಗಳ ಮೂಲ ಕೃತಿಗಳೂ ಉಂಟು. ಸಣ್ಣ ಮಾದರಿಗಳು ಯಾತಕ್ಕೆ ಬೇಕೆಂಬದನ್ನು ಗಮನಿಸಿರಿ. ಕಣ್ಣು ಮೊದಲು ಇಡೀ ವಸ್ತುವನ್ನು ಕಂಡು ಆ ಮೇಲೆ ಭಾಗಗಳನ್ನು ನೋಡುತ್ತದೆ. ಕೈಯಾದರೋ ಭಾಗಗಳಿಂದ ಆರಂಭಿಸಿ ಇಡೀ ವಸ್ತುವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಕಟ್ಟಡದ ಗೋಡೆಯನ್ನು ಮುಟ್ಟಿದವನಿಗೆ ಕಲ್ಲು ತಿಳಿದೀತು, ಕಟ್ಟಡ ತಿಳಿಯದು. ಎರಡು ಕೈಗಳ ನಡುವೆ ಹಿಡಿಸುವ ಮಾದರಿ ಇದ್ದರೆ ಗುಮ್ಮಟದ ದುಂಡು, ಕಂಬಗಳ ಸಾಲು ತಿಳಿಯುವವು. ಇದಕ್ಕೆ ಸಮಯವೂ ಹೆಚ್ಚು ಬೇಕು. ಕೈಯಿಂದ ನೋಡುವವರಿಗೇ ಈ ಸಂಗತಿಗಳು ಮೊದಲು ಹೊಳೆಯುವವು. ಆದಕಾರಣವೇ ವ್ಯವಸ್ಥೆಯ ಅಧಿಕಾರವು ಅವರ ಕೈಯಲ್ಲಿಯೂ ಇರಬೇಕು.

ಹಾಗೆಂದು ಎಲ್ಲವನ್ನೂ ಮುಟ್ಟಗೊಡಬಹುದೇ? ಕೂಡದು. ಬೆರಳುಗಳ ಬೆವರೂ ಜಿಡ್ಡೂ ಬಟ್ಟೆಯನ್ನೂ ಕಾಗದವನ್ನೂ ಬಣ್ಣವನ್ನೂ ಕೆಡಿಸುವವು. ಅಂಥವುಗಳಿಗೆ ಮಾದರಿಗಳೇ ಉಪಾಯ. ಕೈತೊಳೆದು, ಉಂಗುರ ಬಳೆಗಳನ್ನು ತೆಗೆದಿಟ್ಟು, ಒಬ್ಬರು ಬಳಿಯಲ್ಲಿ ನಿಂತು ಕಲಿಸಿದರೆ ಗಟ್ಟಿಯಾದ ವಸ್ತುಗಳಿಗೆ ಭಯವು ಸ್ವಲ್ಪವೇ. ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ೨೦೧೫ರಲ್ಲಿ "ಅನುಭವ" ಎಂಬ ಹೆಸರಿನಿಂದ ಮುಟ್ಟಿ ನೋಡತಕ್ಕ ಪ್ರತಿಕೃತಿಗಳ ಶಾಲೆಯನ್ನು ತೆರೆಯಿತು.

ಅಂಗವಿಕಲರು ನೋಡುವವರಾಗಿ ಮಾತ್ರವಲ್ಲ, ಮಾಡುವವರಾಗಿಯೂ ಬಂದಿದ್ದಾರೆ. ಇಟೆಲಿಯ ಫೆಲೀಚೆ ತಾಲ್ಯಫೆರ್ರಿ ಎಂಬ ಶಿಲ್ಪಿಯು ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿಯನ್ನು ಕಳಕೊಂಡವರು. ಜುಸೆಪ್ಪೆ ಸಮ್ಮಾರ್ತೀನೊ ಎಂಬವರು ೧೭೫೩ರಲ್ಲಿ ಕೆತ್ತಿದ, ತೆಳುವಾದ ಮುಸುಕಿನ ಕೆಳಗೆ ಮಲಗಿರುವ ಕ್ರಿಸ್ತನ ಅಮೃತಶಿಲೆಯ ಮೂರ್ತಿಯೊಂದು ನೇಪಲ್ಸ್ ಪಟ್ಟಣದಲ್ಲಿದೆ. ಅದನ್ನು ಮುಟ್ಟಬೇಕೆಂದು ಕೇಳಿದ ತಾಲ್ಯಫೆರ್ರಿಗೆ ಅಪ್ಪಣೆ ದೊರೆಯಲಿಲ್ಲ. ಆಗ ಅವರು ಅದೇ ವಿಷಯವನ್ನು ತಾವೇ ಅಮೃತಶಿಲೆಯಲ್ಲಿ ಕೆತ್ತಿ, ಯಾರು ಬೇಕಾದರೂ ಮುಟ್ಟಬಹುದೆಂದು ಜನರ ಮುಂದೆ ಇಟ್ಟರು.

ನಮ್ಮ ದೇಶದಲ್ಲಿಯೂ ಇಂಥಾ ಮಹನೀಯರೊಬ್ಬರಿದ್ದರು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು ೧೯೦೪ರಲ್ಲಿ ಹುಟ್ಟಿದರು. ಅವರ ಒಂದು ಕಣ್ಣಿಗೆ ನೋಟವಿರಲಿಲ್ಲ, ಮತ್ತೊಂದಕ್ಕೆ ಬಹಳ ಮಂದದೃಷ್ಟಿ. ಅಷ್ಟರಿಂದಲೇ ಅವರು ೧೯೪೬–೪೭ರಲ್ಲಿ ಹಿಂದೀಭವನದ ಗೋಡೆಗಳ ಮೇಲೆ ಮಧ್ಯಯುಗದ ಭಕ್ತರ ದೊಡ್ಡ ಚಿತ್ರವನ್ನು ಬರೆದರು. ೧೯೪೯ರಲ್ಲಿ ನೇಪಾಳ ಸರಕಾರದ ಕಾಠ್ಮಂಡು ವಸ್ತುಸಂಗ್ರಹಾಲಯಕ್ಕೆ ಕ್ಯುರೇಟರ್ ಆಗಿ ಹೋದರು. ೧೯೫೭ರ ಸುಮಾರಿಗೆ ಶಸ್ತ್ರಚಿಕಿತ್ಸೆಯು ಫಲಿಸದೆ ಪೂರ್ಣವಾಗಿ ಅಂಧರಾದ ಮೇಲೆಯೂ ಕಾಗದವನ್ನು ಕತ್ತರಿಸಿ ಅಂಟಿಸಿ ಚಿತ್ರಗಳನ್ನು ಮಾಡಿದರು. ಕಲಾಭವನದಲ್ಲಿ ಮತ್ತೆ ಪಾಠ ಹೇಳಿದರು. ೧೯೭೨ರಲ್ಲಿ ಅಲ್ಲಿಯ ಗೋಡೆಗೆ ಹಂಚಿನ ಬಿಲ್ಲೆಗಳ ಚಿತ್ರವನ್ನು ರಚಿಸಿದರು. ಅವರ ಶಿಷ್ಯರಾಗಿದ್ದ ಸತ್ಯಜಿತ್ ರಾಯರು ಅದೇ ವರುಷ ಅವರನ್ನು ಕುರಿತು ಚಲಚ್ಚಿತ್ರವನ್ನು ತಯಾರಿಸಿದರು.

ಇದು ಅಂಧರ ವಿಷಯ ಮಾತ್ರವೆಂದು ಎಣಿಸಬಾರದು. ಅಮೆರಿಕದ ಶ್ಯಾನನ್ ಫಿನ್ನಿಗನ್ ಎಂಬ ಅಂಗವಿಕಲ ಕಲಾವಿದರು ೨೦೧೮ರಿಂದ ಚಿತ್ರಶಾಲೆಗಳಿಗಾಗಿ ನೀಲಿ ಬೆಂಚುಗಳನ್ನು ಮಾಡಿದರು. ಬಹಳ ಹೊತ್ತು ನಿಲ್ಲುವದು ಎಷ್ಟು ಕಷ್ಟವೆಂಬ ದೂರು ಆ ಬೆಂಚುಗಳ ಮೇಲೆಯೇ ಬರೆದದೆ. ದೂರನ್ನು ಓದಿ ಒಪ್ಪಿದವರು ಅದರ ಮೇಲೆಯೇ ಕೂತುಕೊಳ್ಳಬಹುದು! ಮುದುಕರಿಗೂ ಬಸುರಿಯರಿಗೂ ಅದರಿಂದ ಉಪಕಾರವಲ್ಲವೇ?

ನಮ್ಮ ದೇಶವು ೨೦೦೭ರಲ್ಲಿ ಸ್ಥಿರಪಡಿಸಿದ ಸಂಯುಕ್ತ ರಾಷ್ಟ್ರಗಳ ಒಡಂಬಡಿಕೆಯ ೩೦ನೆಯ ವಿಧಿಯು ಸಾಂಸ್ಕೃತಿಕ ಜೀವನದಲ್ಲಿ ಅಂಗವಿಕಲರಿಗೆ ಸಮಾನವಾದ ಪಾಲು ಉಂಟೆಂದು ಹೇಳುತ್ತದೆ. ೨೦೧೬ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ೨೯ನೆಯ ಪ್ರಕರಣದಲ್ಲಿ ಅಂಗವಿಕಲ ಕಲಾವಿದರಿಗೆ ಸಹಾಯ ಕೊಡಬೇಕೆಂದೂ ಅವರ ಚರಿತ್ರೆಯನ್ನು ತಿಳಿಸುವ ವಸ್ತುಸಂಗ್ರಹಾಲಯವು ಸ್ಥಾಪಿತವಾಗಬೇಕೆಂದೂ ಬರೆದದೆ. ಆದಕಾರಣ ಇದು ದಯೆಯ ಮಾತಲ್ಲ, ಹಕ್ಕಿನ ಮಾತು.

ಇಷ್ಟು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಕಳೆದ ವರುಷ ಸಂಗ್ರಹದ ಕೋಣೆಯನ್ನು ಮಹಡಿಯಿಂದ ಕೆಳಕ್ಕೆ ಇಳಿಸಿದೆವು. ಆ ಹುಡುಗಿಯನ್ನೂ ಊರುಗೋಲುಗಳಿಂದ ನಡೆಯುವ ಇನ್ನೊಬ್ಬ ವಿದ್ಯಾರ್ಥಿನಿಯನ್ನೂ ಅದರ ಪಾಲಕಿಯರನ್ನಾಗಿ ನೇಮಿಸಿದೆವು. ವಸ್ತುಗಳು ಹಾಳಾಗುವವೆಂದು ಹಿರಿಯರಲ್ಲಿ ಕೆಲವರು ಆಕ್ಷೇಪಿಸಿದರು. ನಮಗೂ ಭಯವಿಲ್ಲದಿರಲಿಲ್ಲ. ಒಂದು ನಕ್ಷತ್ರಮೀನಿನ ತೋಳು ಮುರಿದದ್ದೂ ನಿಜ. ಮುರಿದವಳು ಕಣ್ಣುಳ್ಳ ಹುಡುಗಿ. ಊರುಗೋಲಿನ ಹುಡುಗಿಯು, "ಟೀಚರ್, ನಿಂತರೆ ನನ್ನ ಎರಡು ಕೈಗಳೂ ಕೋಲಿನ ಮೇಲೆಯೇ. ಮುಟ್ಟಬೇಕಾದರೆ ಕೂತುಕೊಳ್ಳಬೇಕು" ಎಂದಳು. ಪ್ರತಿಯೊಂದು ಮೇಜಿನ ಬಳಿಯಲ್ಲಿ ಒಂದು ಸ್ಟೂಲು ಬಂತು. ನಮ್ಮಲ್ಲಿ ಯಾವ ಉಪಾಧ್ಯಾಯಿನಿಗೂ ಅದು ಹೊಳೆದಿರಲಿಲ್ಲ.

ಗೀಜಗನ ಗೂಡಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ಹುಡುಗಿಯು ಬೆರಳುಗಳನ್ನು ಮೆಲ್ಲಗೆ ಒಳಕ್ಕೆ ತೂರಿಸಿ, "ಇಲ್ಲೊಂದು ಹೊಸ್ತಿಲಿದೆ, ಟೀಚರ್. ಅದರ ಆಚೆ ಗುಂಡಿಯಂಥಾ ಕೋಣೆಯಿದೆ. ಗೋಡೆಗೆ ಮಣ್ಣು ಮೆತ್ತಿದೆ" ಎಂದಳು. ಆ ಹೊಸ್ತಿಲಿನಿಂದಲೇ ಮೊಟ್ಟೆಗಳು ಉರುಳಿ ಬೀಳದೆ ಉಳಿಯುವವು. ಹಸಿ ಮಣ್ಣಿನ ಉಂಡೆಗಳನ್ನು ಹಕ್ಕಿಯೇ ತಂದು ಮೆತ್ತುತ್ತದೆ. ಈ ಎರಡು ಸಂಗತಿಗಳನ್ನು ನಮಗೆ ಕಲಿಸಿದವಳು ಆಕೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಅಟ್ಟದಲ್ಲಿ ಸೇರು, ಪಾವು, ಒನಕೆ, ಎತ್ತಿನ ಗಂಟೆ ಮುಂತಾದ ಗಟ್ಟಿಯಾದ ವಸ್ತುಗಳಿದ್ದರೆ ನಮಗೆ ಕಳುಹಿಸಿರಿ. ತಾಯಿತಂದೆಗಳೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಅಂಗವಿಕಲಳೆಂಬ ಕಾರಣದಿಂದ ಶಾಲೆಗೆ ಬಾರದ ಹುಡುಗಿಯಿದ್ದರೆ ಆಕೆಯನ್ನೂ ಕಳುಹಿಸಿರಿ. ಆಕೆಗೆ ಮೂಲೆಯನ್ನಲ್ಲ, ಕೆಲಸವನ್ನು ಕೊಡುತ್ತೇವೆ.

ಈ ಸಾರಿಯ ವಾರ್ಷಿಕೋತ್ಸವದ ದಿನ ಆ ಹುಡುಗಿಯ ತಾಯಿಯು ಸಂಗ್ರಹದ ಕೋಣೆಗೆ ಬಂದು, ಹಿಂದಿನ ಅಭ್ಯಾಸದಂತೆ ಗೋಡೆಯ ಪಕ್ಕದಲ್ಲಿ ನಿಂತರು. ಹಲಗೆಯನ್ನು ನಾವು ಮೊದಲೇ ತೆಗೆದಿದ್ದೆವು. ಮಗಳು ಅವರ ಧ್ವನಿಯನ್ನು ಗುರುತಿಸಿ ಹತ್ತಿರ ಹೋಗಿ, ಬಳೆಗಳನ್ನು ತೆಗೆಯಹೇಳಿ, ಕೈಹಿಡಿದು ಗೂಡಿನೊಳಕ್ಕೆ ನಡಿಸಿ, "ನೋಡಮ್ಮಾ, ಇದೇ ಹೊಸ್ತಿಲು" ಎಂದಳು.