ಕೆಟ್ಟು ನಿಂತ ಕಾರಿನ ಲೆಕ್ಕ

ಒಂದು ಕಾಲಕ್ಕೆ ಗಾಜಿನ ಬಳೆಯ ಕುಲುಮೆಗಳಿಗೆ ಹೆಸರಾಗಿದ್ದ ಮತ್ತೋಡಿನ ಸುತ್ತ ಈಗ ತೆಂಗು, ಅಡಿಕೆಯದೇ ಬದುಕು. ತೋಟದ ಮನೆಗಳ ಹಿತ್ತಿಲಲ್ಲಿ ಹಳೆಯ ಓಮ್ನಿ, ಇಂಡಿಕಾ, ಆಲ್ಟೊ ನಿಂತಿರುವುದು ಹೊಸದುರ್ಗ ತಾಲ್ಲೂಕಿನಲ್ಲಿ ಅಪರೂಪವಲ್ಲ. ‘ಮಾರಿದರೆ ಎಷ್ಟು ಬಂದೀತು, ಇರಲಿ ಬಿಡು’ ಎನ್ನುತ್ತಾರೆ ಮನೆಯವರು. ಇರಲಿ ಅಂದಷ್ಟು ದಿನವೂ ದುಡ್ಡು ಸೋರುತ್ತಿರುತ್ತದೆ. ಬ್ಯಾಟರಿ ಸಾಯುತ್ತದೆ, ಟೈರು ಬಿರಿಯುತ್ತದೆ, ಇಲಿಗಳು ವೈರಿಂಗ್ ಕಡಿದುಹಾಕುತ್ತವೆ. ಸ್ಟಾರ್ಟ್ ಆಗುವ ಗಾಡಿಗೆ ಕಾರಿನ ಬೆಲೆ, ಆಗದ ಗಾಡಿಗೆ ಕಬ್ಬಿಣದ ಬೆಲೆ.

ಈ ಅಂಕಣಕಾರರ ಮನೆಯಲ್ಲಿದ್ದದ್ದು 2009ರಲ್ಲಿ ನೋಂದಣಿಯಾದ ಆಲ್ಟೊ. ಹಿರಿಯೂರಿನಿಂದ ಬರುವಾಗ ಎಂಜಿನ್ ಕಾದು ನಿಂತಿತು. ಮೆಕ್ಯಾನಿಕ್ ಆಯಿಲ್ ಮುಚ್ಚಳ ತಿರುಗಿಸಿ ತೋರಿಸಿದ. ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ನೊರೆ ಅಂಟಿತ್ತು. ‘ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್‌ಗೆ ಸೇರಿದೆ ಅಣ್ಣ, ಎಂಜಿನ್ ಪೂರ್ತಿ ಬಿಚ್ಚಬೇಕು’ ಎಂದ. ಖರ್ಚು ಸುಮಾರು ನಲವತ್ತು ಸಾವಿರ. ಓಡುವ ಸ್ಥಿತಿಯಲ್ಲಿರುವ ಅದೇ ವಯಸ್ಸಿನ ಆಲ್ಟೊಗೆ ಊರಲ್ಲಿ ಕೇಳಿದ ಬೆಲೆ ಅರವತ್ತು ಸಾವಿರದ ಆಸುಪಾಸು. ಮೇಲ್ನೋಟಕ್ಕೆ ರಿಪೇರಿಯೇ ಲಾಭ.

ಆದರೆ 2024ಕ್ಕೆ ಆ ಗಾಡಿಗೆ ಹದಿನೈದು ವರ್ಷ ತುಂಬಿತ್ತು. ಅವಧಿ ಮುಗಿದ ಆರ್‌ಸಿ ಇಟ್ಟುಕೊಂಡು ಮಾರಲು ಬರುವುದಿಲ್ಲ. ಕಾರಿನ ನೋಂದಣಿ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್ 1ರಿಂದ 5,000 ಆಗಿದೆ. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದರು. ಶುಲ್ಕ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯದು, ಗಾಡಿಯನ್ನು ಚಿತ್ರದುರ್ಗದ ಆರ್‌ಟಿಒ ಮುಂದೆ ನಿಲ್ಲಿಸಿ ಪಾಸು ಮಾಡಿಸಬೇಕು. ಅದಕ್ಕೆ ಟೈರು, ಲೈಟು, ತುಕ್ಕು ಹಿಡಿದ ಬಾಗಿಲಿಗೆ ಟಿಂಕರಿಂಗ್, ಪೇಂಟು. ಇಷ್ಟನ್ನೂ ಕೂಡಿದರೆ ಉಳಿಯುವ ಲಾಭ ಸೊನ್ನೆ. ರಿಪೇರಿ ಬೇಕೋ ಬೇಡವೋ ಎಂಬುದನ್ನು ಮೆಕ್ಯಾನಿಕ್ಕಿನ ಬಿಲ್ ಒಂದೇ ಹೇಳುವುದಿಲ್ಲ, ಆರ್‌ಸಿಯಲ್ಲಿರುವ ತಾರೀಖೂ ಹೇಳುತ್ತದೆ.

ಹಾಗಾದರೆ ಯಾರಿಗೆ ಕೊಡುವುದು? ಗುಜರಿಯವರದು ಕೆಜಿ ಲೆಕ್ಕ. ಆಲ್ಟೊದಂಥ ಸಣ್ಣ ಕಾರು ತೂಗುವುದು ಸುಮಾರು 700 ಕೆಜಿ. ಕೆಜಿಗೆ 25 ರೂಪಾಯಿ ಎಂದು ಹಿಡಿದರೂ ಹದಿನೇಳು ಸಾವಿರ ದಾಟುತ್ತದೆ. ಈ ಲೆಕ್ಕದಲ್ಲಿ ಬ್ಯಾಟರಿಯ ಸೀಸ, ರೇಡಿಯೇಟರ್, ಆಲ್ಟರ್ನೇಟರ್‌ನ ತಾಮ್ರ ಎಲ್ಲವೂ ಕಬ್ಬಿಣದ ದರಕ್ಕೇ ಹೋಗಿಬಿಡುತ್ತವೆ. ಸೈಲೆನ್ಸರ್ ಸಾಲಿನಲ್ಲಿ ಕೂತಿರುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಅದರ ಬೆಲೆ ಬಲ್ಲವರು ಕೊಳ್ಳುವವರೇ, ಮಾರುವವರಲ್ಲ. ಹೊಸ ಬ್ಯಾಟರಿ ಹಾಕಿಸಿ ಹೆಚ್ಚು ದಿನವಾಗಿರದಿದ್ದರೆ, ಟೈರು ಹೊಸದಿದ್ದರೆ, ಅವನ್ನು ಬಿಚ್ಚಿ ಬೇರೆಯಾಗಿ ಮಾರುವುದೇ ಸರಿ. ಅದೇ ಮಾಡೆಲ್ ಓಡಿಸುವವರು, ಗ್ಯಾರೇಜಿನವರು ಕೇಳಿ ಪಡೆಯುತ್ತಾರೆ. ಎಂಜಿನ್, ಗೇರ್‌ಬಾಕ್ಸಿನ ಮಾತು ಬೇರೆ. ಅವನ್ನು ತೆಗೆದರೆ ಮುಂದೆ ಗಾಡಿ ಒಪ್ಪಿಸುವಲ್ಲಿ ಬೆಲೆ ಇಳಿಸುತ್ತಾರೆ.

ಗುಜರಿಯವರು ಕೈಗೆ ದುಡ್ಡು ಎಣಿಸುತ್ತಾರೆ, ಆರ್‌ಸಿಯ ಮಾತು ಎತ್ತುವುದಿಲ್ಲ. ಅಂಕಣಕಾರರು ಆ ವ್ಯಾಪಾರ ಬಿಟ್ಟದ್ದು ಇದೊಂದೇ ಕಾರಣಕ್ಕೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಕೊಟ್ಟ ತೀರ್ಪನ್ನು ಕಾರು ಮಾರುವ ಪ್ರತಿಯೊಬ್ಬರೂ ತಿಳಿದಿರಬೇಕು. 2007ರಲ್ಲಿ ಮಾರಿದ ಕಾರು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕನ ಹೆಸರೇ ಉಳಿದಿತ್ತು. ಪರಿಹಾರದ ಹೊಣೆಯೂ ಅವನದೇ ಎಂದಿತು ಕೋರ್ಟು. ನಾಲ್ಕೈದು ಸಾವಿರ ಹೆಚ್ಚಿಗೆ ಸಿಗುತ್ತದೆಂದು ಆರ್‌ಸಿಯಲ್ಲಿ ಹೆಸರು ಹಾಗೇ ಬಿಟ್ಟು ಗಾಡಿ ಕೊಡುವುದು ಇಡೀ ತೋಟವನ್ನೇ ಪಣಕ್ಕಿಟ್ಟ ಹಾಗೆ.

ಓಡುವ ಗಾಡಿಯಾದರೆ ಫಾರಂ 29, 30ಕ್ಕೆ ಸಹಿ ಹಾಕಿಕೊಟ್ಟು ಸುಮ್ಮನಿರಬಾರದು, ಪರಿವಾಹನ್ ಜಾಲತಾಣದಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಬೇಕು. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ ಎನ್‌ಒಸಿ ತಂದು ಫಾರಂ 35ರಲ್ಲಿ ಮೊದಲು ಅದನ್ನು ತೆಗೆಸಬೇಕು.

ಇನ್ನುಳಿದದ್ದು ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಡಿ ಇವು ಬಂದವು. ಆಯಸ್ಸು ಮುಗಿದ ವಾಹನವನ್ನು ಇಂಥ ಕಡೆಯೇ ಒಪ್ಪಿಸಬೇಕು ಎನ್ನುವ ಪರಿಸರ ನಿಯಮ 2025ರ ಏಪ್ರಿಲ್‌ 1ರಿಂದ ಜಾರಿಯಲ್ಲಿದೆ. ಇಲ್ಲಿ ಕೈಗೆ ಬರುವ ನಗದು ಗುಜರಿಗಿಂತ ಕಡಿಮೆ ಇರಬಹುದು, ಆದರೆ ಜೊತೆಗೆ ಠೇವಣಿ ಪ್ರಮಾಣಪತ್ರ ಬರುತ್ತದೆ. ಅದನ್ನು ತೋರಿಸಿದರೆ ಹೊಸ ಕಾರಿಗೆ ನೋಂದಣಿ ಶುಲ್ಕವಿಲ್ಲ. ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ರಾಜ್ಯಗಳಿಗೆ ಅವಕಾಶವಿದೆ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ಲಕ್ಷದ ಹತ್ತಿರಕ್ಕೆ ಹೋಗುವುದರಿಂದ ಇದು ಸಣ್ಣ ಮಾತಲ್ಲ. ತಮ್ಮ ಕಾರಿಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಬುಕಿಂಗ್‌ಗೆ ಮೊದಲೇ ಶೋರೂಮಿನವರಿಂದ ಬರೆಸಿಕೊಳ್ಳಬೇಕು. ಹೊಸ ಕಾರು ಬೇಡವೆನ್ನುವವರು ಆ ಪತ್ರವನ್ನೇ ಆನ್‌ಲೈನಿನಲ್ಲಿ ಬೇರೆಯವರಿಗೆ ಮಾರಬಹುದು. ಮತ್ತೋಡಿನಂಥ ಊರಿನವರು ಇನ್ನೊಂದನ್ನೂ ಕೇಳಬೇಕು, ಗಾಡಿ ಎತ್ತಿಕೊಂಡು ಹೋಗುವ ಖರ್ಚು ಯಾರದು? ಬೆಂಗಳೂರಿನವರೆಗೆ ಟೋಯಿಂಗ್ ನಮ್ಮ ತಲೆಗೆ ಬಂದರೆ ಸಿಕ್ಕಿದ್ದರಲ್ಲಿ ದೊಡ್ಡ ಪಾಲು ದಾರಿಯಲ್ಲೇ ಕರಗುತ್ತದೆ.

ಆಲ್ಟೊ ಹೋದದ್ದು ಇಂಥ ಕೇಂದ್ರಕ್ಕೇ, ಅವರದೇ ಗಾಡಿ ಬಂದು ಒಯ್ದಿತು. ಮನೆಯಲ್ಲಿ ಹೊಸ ಕಾರಿನ ಮಾತು ನಡೆದಿದ್ದರಿಂದ ಪ್ರಮಾಣಪತ್ರ ಕೆಲಸಕ್ಕೆ ಬಂತು.

ಕೊನೆಯದಾಗಿ ವಿಮೆ. ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಕಾರಿನದಲ್ಲ, ಮಾಲೀಕನದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಅದು ಶೇ 50ಕ್ಕೆ ಏರಿರುತ್ತದೆ. ಹಳೆಯ ಕಾರು ಕೊಟ್ಟ ದಾಖಲೆ ತೋರಿಸಿ ವಿಮಾ ಕಂಪನಿಯಿಂದ ಪತ್ರ ತೆಗೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿನ ಸ್ವಂತ ಹಾನಿಯ ಪ್ರೀಮಿಯಂ ಅರ್ಧಕ್ಕೆ ಇಳಿಯುತ್ತದೆ. ಆ ಪ್ರೀಮಿಯಂ ಹದಿನಾರು ಸಾವಿರವಿದ್ದರೆ ಉಳಿತಾಯ ಎಂಟು ಸಾವಿರ. ಗುಜರಿಯ ತಕ್ಕಡಿಯಲ್ಲಿ ಅದು 320 ಕೆಜಿ ಕಬ್ಬಿಣದ ಬೆಲೆ.