ಕಡಲೆಯೂ ಬೇಕು, ಹಲ್ಲೂ ಬೇಕು



“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.” ಈ ಗಾದೆ ನಮಗೆಲ್ಲ ಗೊತ್ತು. ಚಿಕ್ಕ ವಯಸ್ಸಿನಲ್ಲಿ ಹಲ್ಲು ಗಟ್ಟಿ ಇತ್ತು. ತಿನ್ನಲು ಇರಲಿಲ್ಲ. ಈಗ ಮಕ್ಕಳು ದುಡಿದು ತರುತ್ತಾರೆ. ತಿನ್ನಲು ಹಲ್ಲಿಲ್ಲ. ಇದು ನಮ್ಮ ಹಣೆಬರಹ ಎಂದು ಸುಮ್ಮನಾಗುತ್ತೇವೆ.

ಗಾದೆ ಹುಟ್ಟಿದ ಕಾಲ ಬೇರೆ. ಈಗಿನ ಕಾಲ ಬೇರೆ. ಹೋದ ಹಲ್ಲಿನ ಜಾಗಕ್ಕೆ ಬೇರೆ ಹಲ್ಲು ಕಟ್ಟಿಸಬಹುದು. ಅದು ಹೇಗೆ? ಎಲ್ಲಿ? ಈ ಪಾಠದಲ್ಲಿ ತಿಳಿಯೋಣ.

ಮುದ್ದೆ ಇಳಿದರೆ ಸಾಕೇ?

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಊಟ ಎಂದರೆ ರಾಗಿ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿಗೆ ಅದ್ದಿ, ನುಂಗುತ್ತೇವೆ. ಅದಕ್ಕೇ ಹಲ್ಲು ಹೋದರೂ ಊಟ ನಿಲ್ಲುವುದಿಲ್ಲ. ಹೋದ ಹಲ್ಲಿನ ನಷ್ಟ ಬೇಗ ಗೊತ್ತಾಗುವುದೂ ಇಲ್ಲ.

ಆದರೆ ತಟ್ಟೆ ನೋಡಿ. ಅವರೆಕಾಳು ಉಳಿದಿರುತ್ತದೆ. ಸೊಪ್ಪಿನ ದಂಟು ಉಳಿದಿರುತ್ತದೆ. ಕಡಲೆಕಾಯಿ, ಸೌತೆಕಾಯಿ, ಮಾಂಸದ ತುಂಡು ಮೊದಲೇ ಬಿಟ್ಟಾಗಿದೆ. ದಿನಾ ಬರೀ ಮುದ್ದೆ, ತಿಳಿಸಾರು. ಹೊಟ್ಟೆ ತುಂಬುತ್ತದೆ. ಮೈಗೆ ಬೇಕಾದ್ದೆಲ್ಲ ಸಿಗುವುದಿಲ್ಲ. ಸುಸ್ತು, ಮಲಬದ್ಧತೆ ಬರಬಹುದು.

ಹಲ್ಲು ಯಾಕೆ ಹೋಗುತ್ತದೆ?

ದೊಡ್ಡವರ ಬಾಯಲ್ಲಿ 32 ಹಲ್ಲು ಇರುತ್ತವೆ. ಮೇಲೆ 16, ಕೆಳಗೆ 16. ಮುಂದಿನ ಹಲ್ಲು ಕಚ್ಚಲು. ಕೋರೆಹಲ್ಲು ಹರಿಯಲು. ದವಡೆಹಲ್ಲು ಅಗಿಯಲು.

ವಯಸ್ಸಾದ ಮಾತ್ರಕ್ಕೆ ಹಲ್ಲು ಬೀಳುವುದಿಲ್ಲ. ಮುಖ್ಯ ಕಾರಣ ಎರಡು. ಒಂದು, ಹುಳುಕು. ಎರಡು, ವಸಡಿನ ರೋಗ. ವಸಡಿನಲ್ಲಿ ರಕ್ತ ಬರುತ್ತದೆ. ಕೀವು ತುಂಬುತ್ತದೆ. ಹಲ್ಲು ಅಲ್ಲಾಡಿ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ರೋಗ ಹೆಚ್ಚು. ಹೊಗೆಸೊಪ್ಪು, ಕಡ್ಡಿಪುಡಿ ಹಾಕುವವರಿಗೂ ಹೆಚ್ಚು. ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಉಜ್ಜಿದರೆ ಹಲ್ಲು ಸವೆಯುತ್ತದೆ.

“ಒಂದೊಂದು ಹೆರಿಗೆಗೂ ಒಂದೊಂದು ಹಲ್ಲು ಹೋಯಿತು” ಎನ್ನುವವರಿದ್ದಾರೆ. ಮಗು ತಾಯಿಯ ಹಲ್ಲಿನ ಸತ್ವ ಎಳೆದುಕೊಳ್ಳುವುದಿಲ್ಲ. ಬಸುರಿಯಲ್ಲಿ ವಸಡು ಬೇಗ ಊದುತ್ತದೆ, ರಕ್ತ ಬರುತ್ತದೆ. ಆಗ ತೋರಿಸದೆ ಬಿಟ್ಟರೆ ಮುಂದೆ ಹಲ್ಲಿಗೆ ತೊಂದರೆ.

ಮಾತುಕತೆ

(ಅತ್ತೆ ಉಂಡು ತಟ್ಟೆ ಸರಿಸಿದ್ದಾರೆ. ಸೊಸೆ ಪಕ್ಕದಲ್ಲಿದ್ದಾಳೆ. ಆಶಾ ಕಾರ್ಯಕರ್ತೆ ಬಂದಿದ್ದಾಳೆ.)

ಸೊಸೆ: ಯಾಕತ್ತೆ, ಕಾಳೆಲ್ಲ ತಟ್ಟೇಲೇ ಉಳಿಸ್ಬುಟ್ರಿ?

ಅತ್ತೆ: ಅಗಿಯಕ್ಕೆ ಆಯ್ತದಾ ಕಣವ್ವ? ಮುದ್ದೆ ಇಳೀತದೆ, ಸಾಕು ಬುಡು.

ಆಶಾ: ಕಾಳು, ಸೊಪ್ಪೂ ಬೇಕು ಅವ್ವ. ಹಲ್ಲು ಸೆಟ್ಟು ಹಾಕಿಸ್ಕಳಿ.

ಅತ್ತೆ: ಈ ವಯಸ್ಸಲ್ಲಿ ನಂಗ್ಯಾಕವ್ವ ಸಿಂಗಾರ? ಊರೋರು ನಗಾಕಿಲ್ವಾ?

ಆಶಾ: ಕನ್ನಡಕ ಹಾಕಿದೀರಲ್ಲ, ಯಾರಾದ್ರೂ ನಕ್ಕರಾ? ನೋಡಕ್ಕೆ ಕನ್ನಡಕ. ಅಗಿಯಕ್ಕೆ ಸೆಟ್ಟು. ಅಷ್ಟೇ.

ಅತ್ತೆ: ಮೇಲೆ ಇನ್ನೂ ಎರಡು ಹಲ್ಲು ಅಲ್ಲಾಡ್ತಾವೆ. ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೊಯ್ತದಂತೆ.

ಆಶಾ: ಇಲ್ಲ ಅವ್ವ. ಹಲ್ಲಿನ ನರ ಬೇರೆ, ಕಣ್ಣು ಕಾಣೋ ನರ ಬೇರೆ. ವಯಸ್ಸಾದ್ಮೇಲೆ ಹಲ್ಲು ಕೀಳ್ಸೋದೂ ಇರ್ತದೆ, ಕಣ್ಣಿಗೆ ಪೊರೆ ಬರೋದೂ ಇರ್ತದೆ. ಎರಡೂ ಒಂದೇ ಕಾಲಕ್ಕೆ ಬತ್ತವೆ. ಅದಕ್ಕೇ ಜನ ಹಂಗಂತಾರೆ.

ಅತ್ತೆ: ದುಡ್ಡಿಗೆ ಏನ್ಮಾಡದು? ಮೊಮ್ಮಗಳ ಸ್ಕೂಲು ಖರ್ಚೇ ಬೇಕಾದಷ್ಟದೆ.

ಸೊಸೆ: ಮಾವನೋರ ಕಣ್ಣು ಆಪರೇಷನ್ ಮಾಡ್ಸುವಾಗ ಈ ಮಾತು ಬರಲಿಲ್ಲ ಅಲ್ವಾ ಅತ್ತೆ? ನಿಮ್ಮ ಸರದಿ ಬಂದಾಗ ಮಾತ್ರ ಯಾಕೆ ಖರ್ಚು ಲೆಕ್ಕ?

ಅತ್ತೆ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಎಷ್ಟು ಸಲ ಹೋಗಿ ಬರ್ಬೇಕವ್ವ?”

ಕಟ್ಟಿಸುವ ಹಲ್ಲು ಎಷ್ಟು ಬಗೆ?

1. ಪೂರ್ತಿ ಸೆಟ್ಟು. ಮೇಲೆ ಅಥವಾ ಕೆಳಗೆ ಒಂದು ಹಲ್ಲೂ ಇಲ್ಲದವರಿಗೆ. ವಸಡಿನ ಬಣ್ಣದ ಪ್ಲಾಸ್ಟಿಕ್ ತಳ. ಅದರ ಮೇಲೆ ಹಲ್ಲುಗಳು. ಇದನ್ನು ತೆಗೆಯಬಹುದು, ಹಾಕಬಹುದು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿ ಕೂರುತ್ತದೆ. ಎಂಜಲಿನ ತೇವವೇ ಹಿಡಿದುಕೊಳ್ಳುತ್ತದೆ. ಕೆಳಗಿನದು ಸ್ವಲ್ಪ ಅಲ್ಲಾಡುತ್ತದೆ. ಅಲ್ಲಿ ನಾಲಿಗೆ ಆಡುತ್ತಿರುತ್ತದೆ, ಜಾಗವೂ ಕಡಿಮೆ.

2. ತುಂಡು ಸೆಟ್ಟು. ಕೆಲವು ಹಲ್ಲು ಮಾತ್ರ ಹೋದವರಿಗೆ. ಉಳಿದ ಹಲ್ಲಿಗೆ ತಂತಿಯ ಕೊಂಡಿ ಹಿಡಿಯುತ್ತದೆ. ಇದನ್ನೂ ತೆಗೆದು ತೊಳೆಯಬೇಕು. ಪ್ಲಾಸ್ಟಿಕ್‌ನದು ಅಗ್ಗ. ಲೋಹದ್ದು ತೆಳು, ಗಟ್ಟಿ, ಬೆಲೆ ಹೆಚ್ಚು.

3. ಸೇತುವೆ ಹಲ್ಲು. ಇದಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಹೋದ ಹಲ್ಲಿನ ಎರಡು ಪಕ್ಕದ ಹಲ್ಲನ್ನು ಸ್ವಲ್ಪ ಉಜ್ಜಿ ಸಣ್ಣದು ಮಾಡುತ್ತಾರೆ. ಅವುಗಳಿಗೆ ಟೋಪಿ ತೊಡಿಸಿ ನಡುವೆ ಹಲ್ಲು ಕೂರಿಸುತ್ತಾರೆ. ಇದನ್ನು ತೆಗೆಯಲು ಆಗುವುದಿಲ್ಲ. ಪಕ್ಕದ ಹಲ್ಲು ಗಟ್ಟಿ ಇರಬೇಕು.

4. ಮೊಳೆ ಹಲ್ಲು. ಇದಕ್ಕೆ ಇಂಪ್ಲಾಂಟ್ ಎನ್ನುತ್ತಾರೆ. ದವಡೆ ಮೂಳೆಯೊಳಗೆ ಟೈಟಾನಿಯಂ ಲೋಹದ ತಿರುಪು ಕೂರಿಸುತ್ತಾರೆ. ಅದು ಮೂಳೆಗೆ ಕಚ್ಚಿಕೊಳ್ಳಲು ಕೆಲವು ತಿಂಗಳು ಬೇಕು. ಆಮೇಲೆ ಮೇಲೆ ಹಲ್ಲು. ಗಟ್ಟಿಯಾಗಿರುತ್ತದೆ. ಖರ್ಚು ಬಹಳ.

ಯಾರಿಗೆ ಯಾವುದು ಎಂದು ಬಾಯಿ ನೋಡಿ ವೈದ್ಯರು ಹೇಳುತ್ತಾರೆ. “ಬೇರೆ ಬಗೆ ಇದೆಯೇ? ಅದಕ್ಕೆ ಎಷ್ಟು?” ಎಂದು ನೀವು ಕೇಳಿ. ಕೇಳುವುದು ತಪ್ಪಲ್ಲ.

ಏನು ಲಾಭ?

ಊಟ ಸರಿಯಾಗುತ್ತದೆ. ಮಾತು ಸ್ಪಷ್ಟವಾಗುತ್ತದೆ. ಒಳಕ್ಕೆ ಹೋದ ಕೆನ್ನೆ, ತುಟಿ ತುಂಬಿಕೊಳ್ಳುತ್ತವೆ. ಸೆರಗು ಅಡ್ಡ ಹಿಡಿಯದೆ ನಗಬಹುದು. ಸಂಘದ ಸಭೆಯಲ್ಲಿ ಎದ್ದು ಮಾತಾಡಬಹುದು.

ಇನ್ನೊಂದು ಲಾಭ ಇದೆ. ಒಂದು ಹಲ್ಲು ಹೋದ ಜಾಗ ಖಾಲಿ ಬಿಟ್ಟರೆ ಪಕ್ಕದ ಹಲ್ಲು ಆ ಕಡೆ ವಾಲುತ್ತದೆ. ಎದುರಿನ ಹಲ್ಲು ಉದ್ದವಾಗಿ ಇಳಿಯುತ್ತದೆ. ಸಂದಿಯಲ್ಲಿ ಅನ್ನ ಸಿಕ್ಕಿ ಹುಳುಕಾಗುತ್ತದೆ. ಬೇಲಿಯ ಒಂದು ಗೂಟ ಬಿದ್ದರೆ ಪಕ್ಕದ ಗೂಟವೂ ಸಡಿಲವಾಗುವ ಹಾಗೆ.

ಸೆಟ್ಟಿಗೆ ಸ್ವಂತ ಹಲ್ಲಿನ ಅರ್ಧದಷ್ಟೂ ಬಲ ಇರುವುದಿಲ್ಲ. ಕಬ್ಬು ಸಿಗಿಯಬಾರದು. ಬೆಂದ ಕಾಳು, ತರಕಾರಿ, ರೊಟ್ಟಿ ಅಗಿಯಬಹುದು.

ಹೇಗೆ ಮಾಡುತ್ತಾರೆ?

ಪೂರ್ತಿ ಸೆಟ್ಟಿಗೆ ನಾಲ್ಕೈದು ಸಲ ಹೋಗಬೇಕು. ಹಾಳಾದ ಹಲ್ಲನ್ನು ಮೊದಲು ಕೀಳುತ್ತಾರೆ. ವಸಡು ಮಾಯಲು ಕೆಲವು ವಾರ ಬಿಡುತ್ತಾರೆ. ಆಮೇಲೆ ಬಾಯಿಯ ಅಚ್ಚು ತೆಗೆಯುತ್ತಾರೆ. ಮೇಣ ಕಚ್ಚಿಸಿ ಅಳತೆ ನೋಡುತ್ತಾರೆ. ಮೇಣದ ಮೇಲೆ ಹಲ್ಲು ಕೂರಿಸಿ ತೋರಿಸುತ್ತಾರೆ. ಆಗ ಕನ್ನಡಿ ಕೇಳಿ ನೋಡಿಕೊಳ್ಳಿ. ಬಣ್ಣ, ಉದ್ದ ಒಪ್ಪದಿದ್ದರೆ ಆಗಲೇ ಹೇಳಿ. ಕೊನೆಗೆ ಸೆಟ್ಟು ಕೊಡುತ್ತಾರೆ. ಚುಚ್ಚುವ ಕಡೆ ಸರಿಮಾಡಲು ಮತ್ತೆ ಕರೆಯುತ್ತಾರೆ.

ಹಿಂದೆ ಇಷ್ಟು ಸುಲಭ ಇರಲಿಲ್ಲ. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷ. 1789ರಲ್ಲಿ ಅಧ್ಯಕ್ಷನಾದಾಗ ಅವನ ಬಾಯಲ್ಲಿ ಒಂದೇ ಸ್ವಂತ ಹಲ್ಲು ಇತ್ತು. ಅವನ ಸೆಟ್ಟು ನೀರಾನೆಯ ದಂತ, ಸೀಸ, ಸ್ಪ್ರಿಂಗುಗಳದ್ದು. ಭಾರ, ನೋವು. ದೇಶ ಆಳಿದವನಿಗೂ ಆಗ ಸಿಗದ ಹಗುರ ಸೆಟ್ಟು ಇಂದು ನಮ್ಮ ಅಜ್ಜಿಯರಿಗೆ ಸಿಗುತ್ತದೆ.

ಮೊದಲ ದಿನಗಳು

ಹೊಸ ಚಪ್ಪಲಿ ಕಚ್ಚುವ ಹಾಗೆ ಹೊಸ ಸೆಟ್ಟೂ ಕಾಡುತ್ತದೆ. ಬಾಯಲ್ಲಿ ನೀರೂರುತ್ತದೆ. ಮಾತು ತೊದಲುತ್ತದೆ. ಸೆಟ್ಟು ತೆಗೆದು ಪೆಟ್ಟಿಗೆಯಲ್ಲಿ ಇಡಬೇಡಿ. ಮೊದಲು ಮೆತ್ತನೆಯ ಊಟ ಮಾಡಿ. ಸಣ್ಣ ತುತ್ತು ಹಾಕಿ. ಎರಡೂ ಕಡೆ ಅಗಿಯಿರಿ.

ಮಾತು ಸರಿಯಾಗಲು ಒಂದು ಮದ್ದು ನಿಮ್ಮ ಕೈಯಲ್ಲೇ ಇದೆ. ಈ ಪುಸ್ತಕ! ದಿನಾ ಹತ್ತು ನಿಮಿಷ ಜೋರಾಗಿ ಓದಿ. ನೀವು ಕಲಿತ ತ ಥ ದ ಧ ನ ಅಕ್ಷರ ಹೇಳಿ ನೋಡಿ. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗುತ್ತದೆ. ಅದಕ್ಕೇ ಇವಕ್ಕೆ ದಂತ್ಯ ಅಕ್ಷರ ಎಂದು ಹೆಸರು. ದಂತ ಎಂದರೆ ಹಲ್ಲು. ಹಲ್ಲು ಹೋದಾಗ ಈ ಅಕ್ಷರ ಜಾರುತ್ತವೆ. ಓದಿ ಓದಿ ಮತ್ತೆ ಹಿಡಿತಕ್ಕೆ ತರಬಹುದು.

ಕಾಪಾಡುವುದು ಹೇಗೆ?

- ಊಟವಾದ ಮೇಲೆ ಸೆಟ್ಟು ತೆಗೆದು ತೊಳೆಯಿರಿ.
- ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯಿರಿ. ಕೈಜಾರಿದರೂ ಒಡೆಯುವುದಿಲ್ಲ.
- ಮೆತ್ತನೆಯ ಬ್ರಷ್ಷು, ಸೋಪು ಸಾಕು. ಬೂದಿ, ಇದ್ದಿಲು ಬೇಡ. ಗೀರು ಬೀಳುತ್ತದೆ.
- ಬಿಸಿನೀರು ಬೇಡ. ಸೆಟ್ಟು ಸೊಟ್ಟಗಾಗುತ್ತದೆ.
- ರಾತ್ರಿ ತೆಗೆದು ತಣ್ಣೀರಿನಲ್ಲಿ ಇಡಿ. ವಸಡಿಗೂ ವಿಶ್ರಾಂತಿ ಬೇಕು.
- ವಸಡು, ನಾಲಿಗೆ, ಉಳಿದ ಹಲ್ಲು ದಿನಾ ಉಜ್ಜಿ.
- ಚುಚ್ಚಿದರೆ ಮನೆಯಲ್ಲಿ ಅರ ಹಾಕಿ ಉಜ್ಜಬೇಡಿ. ಮಾಡಿಕೊಟ್ಟವರಿಗೆ ತೋರಿಸಿ.

ವರ್ಷ ಕಳೆದಂತೆ ವಸಡು ಸವೆಯುತ್ತದೆ. ಸೆಟ್ಟು ಸಡಿಲವಾಗುತ್ತದೆ. ಆಗ ಸರಿಮಾಡಿಸಬೇಕು ಅಥವಾ ಬೇರೆ ಮಾಡಿಸಬೇಕು.

ಬಾಯಲ್ಲಿ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಿಳಿ, ಕೆಂಪು ಮಚ್ಚೆ ಕಂಡರೂ ಹೋಗಿ. ಹೊಗೆಸೊಪ್ಪು ಹಾಕುವವರಂತೂ ಹೋಗಲೇಬೇಕು. ಅದು ಕ್ಯಾನ್ಸರ್ ಆಗಿರಬಹುದು. ಬೇಗ ಗೊತ್ತಾದರೆ ಗುಣಮಾಡಬಹುದು.

ಬೀದಿಯಲ್ಲಿ ಹಲ್ಲು ಕಟ್ಟಿಸಬೇಡಿ

ಸಂತೆ, ಜಾತ್ರೆ ಬೀದಿಯಲ್ಲಿ ಹಲ್ಲು ಕಟ್ಟುವವರು ಕೂರುವುದುಂಟು. “ಅರ್ಧ ಗಂಟೆಯಲ್ಲಿ ಹಲ್ಲು” ಎನ್ನುತ್ತಾರೆ. ಮುರಿದ ಬೇರನ್ನೂ ತೆಗೆಯದೆ ಮೇಲೆ ಹಿಟ್ಟು ಮೆತ್ತಿ ಹಲ್ಲು ಕೂರಿಸುತ್ತಾರೆ. ಪಕ್ಕದ ಹಲ್ಲಿಗೆ ತಂತಿ ಬಿಗಿಯುತ್ತಾರೆ. ಅದನ್ನು ತೆಗೆದು ತೊಳೆಯಲು ಬರುವುದಿಲ್ಲ. ಒಳಗೆ ಅನ್ನ ಕೊಳೆಯುತ್ತದೆ. ಕೀವಾಗುತ್ತದೆ. ಪಕ್ಕದ ಒಳ್ಳೆಯ ಹಲ್ಲೂ ಹೋಗುತ್ತದೆ. ಕುದಿಸದ ಸಾಮಾನಿನಿಂದ ಕಾಮಾಲೆಯಂಥ ರೋಗ ಅಂಟಬಹುದು.

ದಂತವೈದ್ಯರ ಕಾಯಿದೆ 1948ರಲ್ಲೇ ಬಂದಿದೆ. ನೋಂದಣಿ ಆದ ವೈದ್ಯರು ಮಾತ್ರ ಹಲ್ಲಿನ ಚಿಕಿತ್ಸೆ ಮಾಡಬೇಕು. ನಿಮಗೆ ಈಗ ಓದಲು ಬರುತ್ತದೆ. ಬಾಗಿಲ ಬೋರ್ಡು ಓದಿ. ವೈದ್ಯರ ಹೆಸರಿನ ಮುಂದೆ ಬಿ.ಡಿ.ಎಸ್. ಅಥವಾ ಎಂ.ಡಿ.ಎಸ್. ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಕೇಳಿ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ವೈದ್ಯರು ಯಾವ ದಿನ ಇರುತ್ತಾರೆ ಎಂದು ತಿಳಿದುಕೊಳ್ಳಿ. ಹನೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 25 ಕಿಲೋಮೀಟರ್. ಕೊಳ್ಳೇಗಾಲದಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಮೈಸೂರಿನಲ್ಲಿ ದಂತ ಕಾಲೇಜುಗಳಿವೆ. ಜೆ.ಎಸ್.ಎಸ್. ದಂತ ಕಾಲೇಜು ಅವುಗಳಲ್ಲಿ ಒಂದು. ಕಾಲೇಜಿನ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ.

ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕೊಡಲು ಕರ್ನಾಟಕ ಸರ್ಕಾರ 2014-15ರಲ್ಲಿ “ದಂತಭಾಗ್ಯ” ಯೋಜನೆ ತಂದಿತು. ಮೊದಲು 60 ವರ್ಷ ದಾಟಿದ ಬಿ.ಪಿ.ಎಲ್. ಕಾರ್ಡಿನವರಿಗೆ ಎಂದು ಶುರುವಾಯಿತು. ಯೋಜನೆಗಳ ನಿಯಮ ಬದಲಾಗುತ್ತಾ ಇರುತ್ತವೆ. ಆಸ್ಪತ್ರೆಗೆ ಹೋದಾಗ ಹೀಗೆ ಕೇಳಿ: “ಉಚಿತ ಸೆಟ್ಟು ಈಗ ಯಾರಿಗೆ ಕೊಡುತ್ತೀರಿ? ಯಾವ ಕಾಗದ ತರಬೇಕು?” ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ಮಾತ್ರೆ ಚೀಟಿಯನ್ನೂ ತನ್ನಿ.

ಇಬ್ಬರು ಮೂವರು ಕೂಡಿ ಹೋಗಿ. ದಾರಿಯ ಭಯ ಇರುವುದಿಲ್ಲ. ನಾಲ್ಕೈದು ಸಲ ಹೋಗಲು ಬೇಸರವೂ ಆಗುವುದಿಲ್ಲ.

ಅಭ್ಯಾಸ

ಅ. ಉತ್ತರ ಹೇಳಿ.
1. ಮುದ್ದೆ ಉಣ್ಣುವವರಿಗೆ ಹಲ್ಲು ಹೋದ ನಷ್ಟ ಬೇಗ ಯಾಕೆ ಗೊತ್ತಾಗುವುದಿಲ್ಲ?
2. ಪೂರ್ತಿ ಸೆಟ್ಟಿಗೂ ತುಂಡು ಸೆಟ್ಟಿಗೂ ಏನು ವ್ಯತ್ಯಾಸ?
3. ಸೊಸೆ ಅತ್ತೆಗೆ ಹೇಳಿದ ಮಾತು ಸರಿಯೇ? ನಿಮ್ಮ ಮನೆಯಲ್ಲಿ ಹೇಗೆ?

ಆ. ಬಿಟ್ಟ ಜಾಗ ತುಂಬಿ.
1. ದೊಡ್ಡವರ ಬಾಯಲ್ಲಿ ____ ಹಲ್ಲು ಇರುತ್ತವೆ.
2. ರಾತ್ರಿ ಸೆಟ್ಟನ್ನು ________ ಇಡಬೇಕು.
3. ಮೂರು ವಾರವಾದರೂ ಮಾಯದ ________ ವೈದ್ಯರಿಗೆ ತೋರಿಸಬೇಕು.

ಇ. ಜೋರಾಗಿ ಓದಿ.
ಸಂತೆಯಿಂದ ದಂಟಿನ ಸೊಪ್ಪು ತಂದೆ.
ತಂಗಿ ತೊಳೆದಳು, ನಾದಿನಿ ಸೋಸಿದಳು.
ಅತ್ತೆ ನಿಧಾನವಾಗಿ ಅಗಿದು ತಿಂದರು.

ಈ. ನೀವೇ ಮಾಡಿ.
ನಿಮ್ಮ ಬೀದಿಯಲ್ಲಿ ಹಲ್ಲಿಲ್ಲದೆ ಕಷ್ಟಪಡುವವರು ಯಾರು? ಅವರ ಹೆಸರು ಬರೆಯಿರಿ. ನಿಮ್ಮದೇ ಹೆಸರು ಇದ್ದರೆ ಮೊದಲು ಅದನ್ನೇ ಬರೆಯಿರಿ. ಆ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ಕೊಡಿ.