ಆಸ್ತಿ ಅಡಮಾನದ ಕೈಸಾಲ: ಕೊಡುವವರ ಅಪಾಯ, ಪಡೆಯುವವರ ಹಕ್ಕು

ಬ್ಯಾಂಕಿನ ಮಧ್ಯಸ್ಥಿಕೆಯಿಲ್ಲದೆ ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ನೇರವಾಗಿ ಕೊಡುವ ಸಾಲವನ್ನು ಈಚಿನ ಹಣಕಾಸು ಪರಿಭಾಷೆಯಲ್ಲಿ ಪೀರ್ ಟು ಪೀರ್ ಸಾಲ ಎನ್ನಲಾಗುತ್ತದೆ. ಹೆಸರು ಹೊಸದಾದರೂ ವ್ಯವಹಾರ ಹಳೆಯದು. ಕಲಬುರಗಿಯ ಗಂಜ್ ಪ್ರದೇಶದ ಅಡತಿ ಅಂಗಡಿಗಳಿಂದ ಹಿಡಿದು ಕಮಲಾಪುರ ತಾಲ್ಲೂಕಿನ ತೊಗರಿ ಹೊಲ ಮತ್ತು ಕೆಂಪು ಬಾಳೆಯ ತೋಟಗಳವರೆಗೆ, ಹೊಲ, ಮನೆ ಅಥವಾ ನಿವೇಶನವನ್ನು ಗಿರವಿ ಇಟ್ಟು ಕೈಸಾಲ ಪಡೆಯುವ ರೂಢಿ ತಲೆಮಾರುಗಳಿಂದ ನಡೆದು ಬಂದಿದೆ. ಆಸ್ತಿಯ ಆಧಾರವಿದ್ದರೆ ಕೊಟ್ಟ ಹಣ ಎಲ್ಲಿಗೂ ಹೋಗದು ಎಂಬ ನಂಬಿಕೆ ಸಾಲ ಕೊಡುವವರಲ್ಲಿಯೂ, ಬಡ್ಡಿ ಕಟ್ಟುತ್ತಿರುವವರೆಗೆ ಆಸ್ತಿಗೆ ಧಕ್ಕೆಯಿಲ್ಲ ಎಂಬ ನಂಬಿಕೆ ಪಡೆಯುವವರಲ್ಲಿಯೂ ಗಟ್ಟಿಯಾಗಿದೆ. ಈ ಎರಡೂ ನಂಬಿಕೆಗಳು ಬರೆದ ಪತ್ರದ ಸ್ವರೂಪವನ್ನು ಅವಲಂಬಿಸಿವೆಯೇ ಹೊರತು ಆಸ್ತಿಯ ಬೆಲೆಯನ್ನಲ್ಲ.

ಮೊದಲಿಗೆ ಮೊಬೈಲ್ ಆ್ಯಪ್‌ಗಳ ವಿಷಯವನ್ನು ಬೇರ್ಪಡಿಸಿಕೊಳ್ಳಬೇಕು. ಸಾಲ ಕೊಡುವವರನ್ನೂ ಪಡೆಯುವವರನ್ನೂ ಅಂತರ್ಜಾಲದ ಮೂಲಕ ಸೇರಿಸುವ ವೇದಿಕೆಗಳಿಗೆ ಭಾರತೀಯ ರಿಸರ್ವ್ ಬ್ಯಾಂಕ್ 2017ರ ಅಕ್ಟೋಬರ್ 4ರಂದು ನಿರ್ದೇಶನಗಳನ್ನು ಹೊರಡಿಸಿ, ನೋಂದಣಿ ಪಡೆದ ಬ್ಯಾಂಕೇತರ ಹಣಕಾಸು ಕಂಪನಿಗಳಷ್ಟೇ ಈ ವ್ಯವಹಾರ ನಡೆಸಬಹುದೆಂದು ವಿಧಿಸಿತು. ಅವುಗಳ ಪ್ರಕಾರ ಒಬ್ಬ ವ್ಯಕ್ತಿ ಒಬ್ಬ ಸಾಲಗಾರನಿಗೆ ಕೊಡಬಹುದಾದ ಮೊತ್ತ 50,000 ರೂಪಾಯಿಗೆ ಸೀಮಿತ. ಸಾಲದ ಅವಧಿ 36 ತಿಂಗಳನ್ನು ಮೀರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವೇದಿಕೆಯ ಮೂಲಕ ಆಧಾರಸಹಿತ ಸಾಲ ನೀಡುವಂತೆಯೇ ಇಲ್ಲ. 2024ರ ಆಗಸ್ಟ್‌ನಲ್ಲಿ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸಿದ ರಿಸರ್ವ್ ಬ್ಯಾಂಕ್, ಖಚಿತ ಆದಾಯದ ಹೂಡಿಕೆ ಎಂದು ಇದನ್ನು ಪ್ರಚಾರ ಮಾಡುವುದನ್ನು ನಿಷೇಧಿಸಿ, ಸಾಲ ಮರಳದಿದ್ದರೆ ಅದರ ನಷ್ಟ ಕೊಟ್ಟವರದ್ದೇ ಎಂದು ಸ್ಪಷ್ಟಪಡಿಸಿತು. ಆದ್ದರಿಂದ ನಿವೇಶನದ ಭದ್ರತೆಯೊಂದಿಗೆ ನಿಶ್ಚಿತ ಬಡ್ಡಿ ಕೊಡಿಸುವುದಾಗಿ ಹೇಳುವ ಆ್ಯಪ್ ಆಗಲಿ, ಅದರ ದಲ್ಲಾಳಿಯಾಗಲಿ ನಿಯಮದ ಹೊರಗೆ ನಿಂತು ಮಾತನಾಡುತ್ತಿದ್ದಾನೆಂದು ನಾಗರಿಕರು ತಿಳಿಯಬೇಕು. ಆಸ್ತಿಯ ಆಧಾರದ ಮೇಲೆ ವ್ಯಕ್ತಿಗಳ ನಡುವೆ ನಡೆಯುವ ಸಾಲಕ್ಕೆ ಉಳಿಯುವ ದಾರಿ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಅಡಮಾನ ಮಾತ್ರ.

ಅಡಮಾನವೆಂದರೆ ಸಾಲದ ಮರುಪಾವತಿಗೆ ಭದ್ರತೆಯಾಗಿ ಸ್ಥಿರಾಸ್ತಿಯೊಂದರಲ್ಲಿನ ಹಿತಾಸಕ್ತಿಯನ್ನು ವರ್ಗಾಯಿಸುವುದು. ಮಾಲೀಕತ್ವ ಸಾಲಗಾರನಲ್ಲೇ ಉಳಿಯುತ್ತದೆ. ಅಧಿನಿಯಮದ 58ನೇ ಕಲಮು ಆರು ಬಗೆಯ ಅಡಮಾನಗಳನ್ನು ಹೇಳುತ್ತದೆಯಾದರೂ ಈ ಭಾಗದ ಬಳಕೆಯಲ್ಲಿರುವವು ಮುಖ್ಯವಾಗಿ ಮೂರು. ಸ್ವಾಧೀನ ಬಿಟ್ಟುಕೊಡದೆ, ಹಣ ತೀರಿಸದಿದ್ದರೆ ನ್ಯಾಯಾಲಯದ ಮೂಲಕ ಆಸ್ತಿ ಮಾರಿಸಿಕೊಳ್ಳಬಹುದೆಂದು ಒಪ್ಪುವುದು ಸರಳ ಅಡಮಾನ. ಹೊಲದ ಕಬ್ಜಾ ಕೊಟ್ಟು, ಬಡ್ಡಿಯ ಬದಲಿಗೆ ಬೆಳೆಯನ್ನು ಅನುಭವಿಸಲು ಬಿಡುವುದು ಭೋಗ್ಯ ಅಡಮಾನ. ಮೇಲ್ನೋಟಕ್ಕೆ ಖರೀದಿ ಪತ್ರದಂತೆ ಕಂಡರೂ ಹಣ ಮರಳಿಸಿದೊಡನೆ ಆಸ್ತಿ ಹಿಂದಿರುಗಬೇಕೆಂಬ ಷರತ್ತುಳ್ಳದ್ದು ಷರತ್ತಿನ ಮಾರಾಟದ ಅಡಮಾನ. ಅಸಲು 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಸರಳ ಅಡಮಾನ ಪತ್ರಕ್ಕೆ ಸಾಲಗಾರನ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ದೃಢೀಕರಣ ಮತ್ತು ಉಪನೋಂದಣಾಧಿಕಾರಿಯ ಮುಂದೆ ನೋಂದಣಿ ಕಡ್ಡಾಯವಾಗಿವೆ. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮೊಹರು ಹಾಕಿಸಿದ ಕರಾರು ಹಣ ಕೊಟ್ಟಿದ್ದಕ್ಕೆ ಸಾಕ್ಷಿಯಾಗಬಹುದೇ ಹೊರತು ಆಸ್ತಿಯ ಮೇಲೆ ಹಕ್ಕನ್ನು ಹುಟ್ಟಿಸುವುದಿಲ್ಲ. ಮನೆಯ ಮೂಲ ಕಾಗದಗಳನ್ನು ಸುಮ್ಮನೆ ಕೈಗೆ ಕೊಡಿಸಿಕೊಳ್ಳುವುದೂ ಸಾಲದು. ಹಕ್ಕುಪತ್ರಗಳ ಠೇವಣಿಯಿಂದ ಅಡಮಾನವಾಗುವುದು ಕಾಯ್ದೆ ಹೆಸರಿಸಿರುವ ಅಥವಾ ರಾಜ್ಯ ಸರ್ಕಾರ ಅಧಿಸೂಚಿಸಿರುವ ಊರುಗಳಲ್ಲಿ ಆ ಕಾಗದಗಳನ್ನು ಒಪ್ಪಿಸಿದಾಗ ಮಾತ್ರ.

ಅನೇಕ ಸಂಸಾರಗಳನ್ನು ಕೋರ್ಟಿನ ಮೆಟ್ಟಿಲಿಗೆ ತರುವ ಪತ್ರ ಇವೆಲ್ಲದರಿಂದ ಬೇರೆಯಾದುದು. ಸಾಲ ಕೊಡುವಾತ ನೋಂದಾಯಿತ ಖರೀದಿ ಪತ್ರವನ್ನೇ ಬರೆಸಿಕೊಂಡು, ಹಣ ಮರಳಿಸಿದರೆ ಆಸ್ತಿಯನ್ನು ತಿರುಗಿ ಬರೆದುಕೊಡುವುದಾಗಿ ಬಾಯಿಮಾತಿನಲ್ಲಿ ಹೇಳುತ್ತಾನೆ, ಅಥವಾ ಬೇರೊಂದು ಕಾಗದದಲ್ಲಿ ಬರೆದುಕೊಡುತ್ತಾನೆ. 58ನೇ ಕಲಮಿನ ಪರಂತುಕವು, ಮರಳಿಸುವ ಷರತ್ತು ಮಾರಾಟದ ಪತ್ರದಲ್ಲಿಯೇ ಇರದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಭಾವಿಸತಕ್ಕದ್ದಲ್ಲ ಎನ್ನುತ್ತದೆ. ಹೀಗಾಗಿ ಎರಡು ಲಕ್ಷದ ಸಾಲಕ್ಕೆ ಹತ್ತು ಲಕ್ಷ ಬೆಲೆಯ ಹೊಲವನ್ನು ಖರೀದಿ ಪತ್ರದ ಮೂಲಕ ಬರೆದುಕೊಟ್ಟ ರೈತ ಕಾಗದದ ಮಟ್ಟಿಗೆ ಹೊಲವನ್ನು ಕಳೆದುಕೊಂಡಂತೆಯೇ. ಅವನಿಗೆ ಉಳಿಯುವ ಒಂದು ವಾದವೆಂದರೆ, ಆ ಪತ್ರವು ಜಾರಿಗೆ ಬರಬೇಕೆಂಬ ಉದ್ದೇಶವೇ ಇಲ್ಲದೆ ಹೆಸರಿಗಷ್ಟೇ ಆದದ್ದೆಂದು ತೋರಿಸುವುದು. 2,000 ರೂಪಾಯಿ ಸಾಲಕ್ಕಾಗಿ ಮನೆಯ ಕ್ರಯಪತ್ರ ಬರೆದುಕೊಟ್ಟಿದ್ದಕ್ಕೆ ಸಂಬಂಧಿಸಿದ ಗಂಗಾಬಾಯಿ ವಿರುದ್ಧ ಛಬುಬಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ, ಇಂಥದ್ದನ್ನು ರುಜುವಾತುಪಡಿಸಲು ಮೌಖಿಕ ಸಾಕ್ಷ್ಯವನ್ನು ನೀಡಬಹುದೆಂದು ಹೇಳಿದೆ. ಆದರೆ ರುಜುವಾತಿನ ಭಾರ ಪೂರ್ತಿ ಸಾಲಗಾರನ ಮೇಲೆಯೇ ಬೀಳುತ್ತದೆ. ಸಾಲ ಕೊಟ್ಟವನಿಗೂ ಈ ಪತ್ರ ನೆಮ್ಮದಿ ತರದು; ಕಬ್ಜಾ ಸಾಲಗಾರನಲ್ಲೇ ಉಳಿದು, ಬಡ್ಡಿ ಪಡೆದ ಲೆಕ್ಕ ಬ್ಯಾಂಕ್ ಖಾತೆಯಲ್ಲಿ ಕಾಣುತ್ತಿದ್ದರೆ ಅವನ ಖರೀದಿಯ ಕಥೆ ಪಾಟೀಸವಾಲಿನಲ್ಲಿ ನಿಲ್ಲುವುದು ಕಷ್ಟ. ಸಾಲ ಸಾಲವೇ ಆಗಿದ್ದರೆ ಅದಕ್ಕೆ ಅಡಮಾನ ಪತ್ರವನ್ನೇ ಬರೆಸಬೇಕು. ಖರೀದಿ ಪತ್ರ, ಮಾರಾಟದ ಕರಾರು, ಜನರಲ್ ಪವರ್ ಆಫ್ ಅಟಾರ್ನಿ ಇವು ಯಾವುವೂ ಅದರ ಜಾಗದಲ್ಲಿ ನಿಲ್ಲತಕ್ಕವಲ್ಲ.

ಸಾಲ ಕೊಡುವವರ ಅಪಾಯ ಪತ್ರದ ಹಿಂದಿರುವ ಹಕ್ಕಿನಲ್ಲಿ ಅಡಗಿರುತ್ತದೆ. ಋಣಭಾರ ಪ್ರಮಾಣಪತ್ರ, ಅಂದರೆ ಜನಬಳಕೆಯ ಇ.ಸಿ., ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಬ್ಯಾಂಕಿಗೆ ಮೂಲಪತ್ರ ಒಪ್ಪಿಸಿ ಪಡೆದ ಸಾಲ ಅದರಲ್ಲಿ ಕಾಣದೆಯೂ ಇರಬಹುದಾದ್ದರಿಂದ, ಅಡಮಾನಗಳ ಕೇಂದ್ರೀಯ ದಾಖಲೆಯಾದ ಸೆರ್ಸಾಯ್‌ನಲ್ಲಿ ಹುಡುಕಿಸುವುದು ಅಗತ್ಯ. ಹೊಲವಾದರೆ ಪಹಣಿಯ 9ನೇ ಅಂಕಣದ ಮಾಲೀಕರ ಹೆಸರಿನೊಂದಿಗೆ 11ನೇ ಅಂಕಣದ ಋಣಗಳನ್ನೂ ಓದಬೇಕು. ಸಹಕಾರ ಸಂಘ ಅಥವಾ ಬ್ಯಾಂಕಿನ ಬೆಳೆಸಾಲದ ಬೋಜಾ ಅಲ್ಲಿಯೇ ದಾಖಲಾಗಿರುತ್ತದೆ. ಜಮೀನು ಸರ್ಕಾರದಿಂದ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾದರೆ 1978ರ ಜಮೀನು ಪರಭಾರೆ ನಿಷೇಧ (ಪಿ.ಟಿ.ಸಿ.ಎಲ್.) ಕಾಯ್ದೆ ಅನ್ವಯಿಸಿ, ಸರ್ಕಾರದ ಪೂರ್ವಾನುಮತಿಯಿಲ್ಲದ ಅಡಮಾನವೂ ಅಸಿಂಧುವಾಗುತ್ತದೆ. ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿರುವುದರಿಂದ ಇಪ್ಪತ್ತು ವರ್ಷ ಹಳೆಯ ವ್ಯವಹಾರವೂ ಉಪವಿಭಾಗಾಧಿಕಾರಿಯ ಮುಂದೆ ಬರಬಹುದು. ಮೂಲ ಮಂಜೂರಾತಿ ಪಡೆದ ಬಡ ಕುಟುಂಬಕ್ಕೆ ಈ ಕಾಯ್ದೆ ನೀಡುವ ರಕ್ಷಣೆ ನ್ಯಾಯವಾದದ್ದೇ. ಅದನ್ನು ತಪ್ಪಿಸುವ ದಾರಿ ಹುಡುಕುವ ಬದಲು ಅಂಥ ಜಮೀನನ್ನು ಆಧಾರವಾಗಿ ಪಡೆಯದಿರುವುದೇ ಸರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಾನ ಹಕ್ಕುದಾರರೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ್ದು, ವಿನೀತಾ ಶರ್ಮಾ ಪ್ರಕರಣದ 2020ರ ತೀರ್ಪು ಅದನ್ನು ದೃಢಪಡಿಸಿದೆ. ತಂದೆ ಮತ್ತು ಗಂಡುಮಕ್ಕಳ ಸಹಿಗಳಿಗೆ ತೃಪ್ತಿಪಟ್ಟು ಮದುವೆಯಾಗಿ ಹೋದ ಮಗಳನ್ನು ಬಿಟ್ಟ ಅಡಮಾನವು ಮುಂದೆ ವಿಭಾಗದ ದಾವೆಯಲ್ಲಿ ಸಿಕ್ಕಿಬೀಳುತ್ತದೆ.

ಬಡ್ಡಿಯ ವಿಷಯದಲ್ಲಿ ಕಾನೂನು ಇನ್ನೂ ಖಡಾಖಂಡಿತವಾಗಿದೆ. ಸಾಲ ಕೊಡುವುದನ್ನೇ ವ್ಯವಹಾರವಾಗಿ ನಡೆಸುವವರು 1961ರ ಕರ್ನಾಟಕ ಲೇವಾದೇವಿದಾರರ ಅಧಿನಿಯಮದಡಿ ಸಹಕಾರ ಇಲಾಖೆಯ ಮೂಲಕ ಲೈಸೆನ್ಸ್ ಪಡೆಯಲೇಬೇಕು. ಸಾಲ ಕೊಟ್ಟ ದಿನ ಲೈಸೆನ್ಸ್ ಇಲ್ಲದ ಲೇವಾದೇವಿದಾರನಿಗೆ ನ್ಯಾಯಾಲಯ ಡಿಕ್ರಿ ಕೊಡುವುದಿಲ್ಲ. ನೆಂಟರಿಗೋ ಪರಿಚಿತರಿಗೋ ಒಮ್ಮೆ ಕೊಟ್ಟ ಸಾಲ ವ್ಯವಹಾರವೆನಿಸದು, ಆದರೆ ಊರಿನ ಹತ್ತು ಜನರಿಗೆ ವರ್ಷವರ್ಷವೂ ಕೊಡುತ್ತಿರುವಾತ ಆ ಆಶ್ರಯ ಪಡೆಯಲಾರ. ಆಧಾರವಿರುವ ಸಾಲಕ್ಕೆ ವಾರ್ಷಿಕ ಶೇ. 14, ಆಧಾರವಿಲ್ಲದ ಸಾಲಕ್ಕೆ ಶೇ. 16 ಎಂದು ರಾಜ್ಯ ಸರ್ಕಾರ ಮಿತಿ ಹಾಕಿದೆ. ಐದು ಲಕ್ಷ ರೂಪಾಯಿಗೆ ಈ ಮಿತಿಯ ಬಡ್ಡಿ ವರ್ಷಕ್ಕೆ 70,000 ರೂಪಾಯಿ. ಬಾಯಿಮಾತಿನಲ್ಲಿ ಹಗುರವಾಗಿ ಕೇಳುವ ನೂರಕ್ಕೆ ಮೂರು ರೂಪಾಯಿಯ ತಿಂಗಳ ಬಡ್ಡಿ ವರ್ಷಕ್ಕೆ 1,80,000 ರೂಪಾಯಿ. ಮೂರು ವರ್ಷ ತುಂಬುವ ಮೊದಲೇ ಬಡ್ಡಿ ಅಸಲನ್ನು ದಾಟಿ ಹೋಗುತ್ತದೆ. ಅತಿಯಾದ ಬಡ್ಡಿಯನ್ನು 2004ರ ಕಾಯ್ದೆ ಅಪರಾಧವೆಂದೇ ಪರಿಗಣಿಸಿದೆ. 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆ ಕಾನೂನು, ಅದರ ವ್ಯಾಪ್ತಿಗೆ ಬರುವ ಸಂಸ್ಥೆ ಹಾಗೂ ಲೇವಾದೇವಿದಾರರ ಕಿರುಕುಳಕ್ಕೆ ಹತ್ತು ವರ್ಷಗಳವರೆಗಿನ ಜೈಲು ಮತ್ತು ಐದು ಲಕ್ಷ ರೂಪಾಯಿವರೆಗಿನ ದಂಡವನ್ನು ವಿಧಿಸುತ್ತದೆ. ಶಾಸನವೇ ಸಾಲವನ್ನು ಅಳಿಸಬಹುದೆಂಬುದಕ್ಕೂ ನಿದರ್ಶನವಿದೆ: 2019ರಲ್ಲಿ ಜಾರಿಗೆ ಬಂದ ಕರ್ನಾಟಕ ಋಣ ಪರಿಹಾರ ಅಧಿನಿಯಮವು ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳಿಗೆ ಅನ್ವಯಿಸಿತ್ತು. ಬಡ ಸಾಲಗಾರನ ಹೊಲವನ್ನು ನಂಬಿ ಹೆಚ್ಚು ಬಡ್ಡಿಗೆ ಹಣ ಬಿಡುವ ಯೋಜನೆ, ನೈತಿಕವಾಗಿ ತಪ್ಪೆಂಬುದನ್ನು ಬದಿಗಿಟ್ಟರೂ, ಲೆಕ್ಕಾಚಾರದ ದೃಷ್ಟಿಯಿಂದಲೇ ಕೆಟ್ಟ ಯೋಜನೆ.

ಹಾಗಾದರೆ ವಿವೇಕದ ವ್ಯವಹಾರ ಹೇಗಿರಬೇಕು? ನ್ಯಾಯಾಲಯದ ಮೂಲಕ ಆಸ್ತಿ ಹರಾಜಾಗಲು ಹಿಡಿಯುವ ವರ್ಷಗಳನ್ನು, ಹರಾಜಿನಲ್ಲಿ ಬೆಲೆ ಇಳಿಯುವುದನ್ನು ಲೆಕ್ಕಕ್ಕೆ ಹಿಡಿದರೆ ಖಾಸಗಿ ಸಾಲದ ಮೊತ್ತ ಆಸ್ತಿಯ ನೈಜ ಬೆಲೆಯ ಅರ್ಧವನ್ನು ಮೀರದಿರುವುದು ಲೇಸು. ಮರುಪಾವತಿಯ ಕಂತು ಸಾಲಗಾರನ ಆದಾಯದ ಹಂಗಾಮಿಗೆ ಹೊಂದಬೇಕು. ಮುಂಗಾರಿನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಕಮಲಾಪುರದ ಕೆಂಪು ಬಾಳೆಯ ಗೊನೆಗೆ ಒಂದು ವರ್ಷಕ್ಕಿಂತ ಹೆಚ್ಚು ಕಾಯಬೇಕು. ಇಂಥ ರೈತನಿಗೆ ತಿಂಗಳ ಕಂತು ವಿಧಿಸುವುದೆಂದರೆ ಸುಸ್ತಿಯನ್ನು ಪತ್ರದಲ್ಲಿಯೇ ಬರೆದಿಟ್ಟಂತೆ. ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ಪಡೆಯಬೇಕು. 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಸ್ವೀಕರಿಸುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದ್ದು, ಇಬ್ಬರಿಗೂ ಕೃಷಿ ಆದಾಯವಷ್ಟೇ ಇದ್ದು ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದಾಗ ಮಾತ್ರ ವಿನಾಯಿತಿ ಇದೆ. ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿಕೊಡುವ ಪದ್ಧತಿಯನ್ನು ಸಾಲಗಾರರು ಖಂಡಿತ ಬಿಡಬೇಕು.

ಗಡುವು ಮೀರಿದಾಗ ಸಾಲ ಕೊಟ್ಟವನು ಸ್ವತಃ ಹೋಗಿ ಬೀಗ ಹಾಕುವಂತಿಲ್ಲ, ಹೊಲದಲ್ಲಿ ನೇಗಿಲು ಹೂಡುವಂತಿಲ್ಲ. ಆಸ್ತಿಯಿರುವ ವ್ಯಾಪ್ತಿಯ ಸಿವಿಲ್ ನ್ಯಾಯಾಲಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 34ನೇ ಆದೇಶದಂತೆ ದಾವೆ ಹೂಡಿ, ಹಣ ಕಟ್ಟಲು ಗಡುವು ನೀಡುವ ಪ್ರಾಥಮಿಕ ಡಿಕ್ರಿಯನ್ನೂ ಅನಂತರ ಮಾರಾಟಕ್ಕೆ ಅಂತಿಮ ಡಿಕ್ರಿಯನ್ನೂ ಪಡೆಯಬೇಕು. ಅಡಮಾನದ ಹಣ ವಸೂಲಿಗೆ ಕಾಲಮಿತಿ ಹಣ ಕೊಡತಕ್ಕ ದಿನದಿಂದ 12 ವರ್ಷ; ಆಧಾರವಿಲ್ಲದ ಕೈಸಾಲಕ್ಕೆ ಸಾಮಾನ್ಯವಾಗಿ ಮೂರೇ ವರ್ಷ.

ಸಾಲಗಾರನ ಪಾಲಿಗೆ ಅತ್ಯಂತ ಬೆಲೆಯುಳ್ಳದ್ದು ವಿಮೋಚನೆಯ ಹಕ್ಕು, ಅಂದರೆ ಸಾಲ ತೀರಿಸಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು. ಇಂತಿಷ್ಟು ದಿನದೊಳಗೆ ಹಣ ಕೊಡದಿದ್ದರೆ ಆಸ್ತಿ ಸಾಲ ಕೊಟ್ಟವನದ್ದೇ ಆಗುತ್ತದೆಂದು ಅಡಮಾನ ಪತ್ರದಲ್ಲಿ ಬರೆದಿದ್ದರೂ ಆ ಷರತ್ತು ನಿಲ್ಲುವುದಿಲ್ಲ. ಬಿಡಿಸಿಕೊಳ್ಳುವ ದಾವೆಗೆ 30 ವರ್ಷ ಕಾಲಾವಕಾಶವಿದೆ. ಭೋಗ್ಯದ ವಿಷಯದಲ್ಲಿ ಈ ಅವಧಿ ಪತ್ರದ ದಿನದಿಂದಲ್ಲ, ಸಾಲ ತೀರಿದ ದಿನದಿಂದ ಆರಂಭವಾಗುತ್ತದೆಂದು ಸಿಂಗ್ ರಾಮ್ ಪ್ರಕರಣದ 2014ರ ತೀರ್ಪು ಹೇಳಿದೆ. ಅಜ್ಜನ ಕಾಲದ ಭೋಗ್ಯದ ಪತ್ರ ಪೆಟ್ಟಿಗೆಯಲ್ಲಿರುವ ಕುಟುಂಬಗಳು ಅದನ್ನು ಹಳೆಯ ಕಾಗದವೆಂದು ಎಸೆಯಬಾರದು. ಸಾಲ ಕೊಟ್ಟವನು ಹಣ ಪಡೆಯಲು ನಿರಾಕರಿಸಿದರೆ ಅಥವಾ ದಿನ ದೂಡಿದರೆ, ಸ್ವತ್ತು ವರ್ಗಾವಣೆ ಅಧಿನಿಯಮದ 83ನೇ ಕಲಮಿನಡಿ ಬಾಕಿಯನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಕ್ರಮಬದ್ಧವಾಗಿ ಠೇವಣಿ ಇಟ್ಟ ಮೇಲೆ ಸಾಲದ ಬಡ್ಡಿ ಓಡುವುದು ನಿಲ್ಲುತ್ತದೆ. ಹಣ ತೀರಿದ ಮೇಲೆ ಮೂಲಪತ್ರಗಳನ್ನೂ ಕಬ್ಜಾವನ್ನೂ ಮರಳಿ ಪಡೆಯುವುದರ ಜೊತೆಗೆ ನೋಂದಾಯಿತ ಋಣಮುಕ್ತಿ ಪತ್ರವನ್ನೂ ಬರೆಸಿಕೊಳ್ಳಬೇಕು. ಅದಿಲ್ಲದಿದ್ದರೆ ತೀರಿದ ಸಾಲವೂ ಇ.ಸಿ.ಯಲ್ಲಿ ಉಳಿದಿರುತ್ತದೆ.

ಪತ್ರಕ್ಕೆ ಸಹಿ ಹಾಕುವ ಮೊದಲೇ ಸಲಹೆ ಪಡೆಯಲು ಕಲಬುರಗಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಬಾಗಿಲು ತೆರೆದಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ, ಉಳಿದ ಹೆಚ್ಚಿನವರಿಗೆ ಆದಾಯ ಮಿತಿಗೆ ಒಳಪಟ್ಟು, 1987ರ ಕಾಯ್ದೆಯಂತೆ ಉಚಿತ ವಕೀಲರ ನೆರವು ದೊರೆಯುತ್ತದೆ. ಉಚಿತ ಸಹಾಯವಾಣಿಯ ಸಂಖ್ಯೆ 15100.